ಇಳಿದುಹೋದ ಹೊಲ

ಫೆಬ್ರವರಿ ೧೨

ಅಕ್ಕಾ,

ಈ ಕಾಗದ ಕೈಗೆ ಬಂದ ಕೂಡಲೇ ನೀನು ಹಿಂದೆ ತಿರುಗಿಸಿ ಯಾರದ್ದೆಂದು ನೋಡುತ್ತೀಯೆ, ಆಮೇಲೆ ಒಲೆಗೆ ಹಾಕಲೋ ಬೇಡವೋ ಎಂದು ಯೋಚಿಸುತ್ತೀಯೆ. ಓದಿದ ಮೇಲೆ ಹಾಕು. ನೀನು ಊರು ಬಿಟ್ಟ ಈ ನಾಲ್ಕು ವರ್ಷದಿಂದ ನಾನು ಬರೆದಿಲ್ಲ, ನೀನೂ ಬರೆದಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ನಾವಿಬ್ಬರೂ ಪಾಲಾಗಿಹೋದೆವು. ಆದರೆ ಇವತ್ತು ನಾನು ಬರೆಯುತ್ತಿರುವುದು ವಾರಗಿತ್ತಿಯಾಗಿ ಅಲ್ಲ, ಊರಿನ ಜಲಾನಯನ ಸಮಿತಿಯ ಅಧ್ಯಕ್ಷೆಯಾಗಿ. ನಗಬೇಡ. ಗಂಡಸರೆಲ್ಲ ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದಾಡಿ ಸುಸ್ತಾಗಿ ನನ್ನನ್ನು ಕೂರಿಸಿದರು. ಆವತ್ತಿನ ಸಭೆಯಲ್ಲಿ ನಾನೊಬ್ಬಳೇ ಬಾಯಿ ಬಿಟ್ಟಿರಲಿಲ್ಲ, ಅದಕ್ಕೇ ಬುದ್ಧಿವಂತೆ ಅಂದುಕೊಂಡಿರಬೇಕು.

ವಿಷಯ ಇಷ್ಟು. ನಮ್ಮದು ಆಕಾಶ ನೋಡಿಕೊಂಡು ಬಿತ್ತುವ ನೆಲ. ಬಿದ್ದ ಮಳೆ ಗುಡ್ಡದಿಂದ ಇಳಿದು, ನಿನ್ನ ಹೊಲ ದಾಟಿ, ನಮ್ಮ ಹೊಲ ದಾಟಿ, ಹಳ್ಳ ಸೇರಿ ಹೊರಟೇಹೋಗುತ್ತದೆ. ಅದನ್ನು ದಾರಿಯಲ್ಲೇ ಅಲ್ಲಲ್ಲಿ ನಿಲ್ಲಿಸಿ ನೆಲಕ್ಕೆ ಇಳಿಸುವುದು ಸಮಿತಿಯ ಕೆಲಸ. ಕಲಿಸಿಕೊಡಲು ಒಬ್ಬಳು ಕಾರ್ಯಕರ್ತೆ ಬಂದಿದ್ದಾಳೆ. ಯಾವಾಗಲೂ ಹೆಗಲಿಗೆ ಗಾಜಿನಂಥ ಉದ್ದನೆಯ ಪೈಪು ಸುತ್ತಿಕೊಂಡೇ ಓಡಾಡುವುದರಿಂದ ಊರವರು ಪೈಪಮ್ಮ ಎಂದು ಹೆಸರಿಟ್ಟಿದ್ದಾರೆ. ಪೈಪಿನ ತುಂಬ ನೀರು. ಒಂದು ತುದಿ ಅವಳು ಹಿಡಿಯುತ್ತಾಳೆ, ಇನ್ನೊಂದು ಹಿಡಿದು ನಾನು ದೂರ ಹೋಗಿ ನಿಲ್ಲುತ್ತೇನೆ. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಂತರೆ ಎರಡೂ ಜಾಗ ಒಂದೇ ಮಟ್ಟ. ಆ ಮಟ್ಟದ ಗೆರೆ ಹಿಡಿದು ಗುಂಡಿ ತೋಡಿ ಬದು ಹಾಕಿದರೆ ನೀರು ಓಡುವುದಿಲ್ಲವಂತೆ.

ಕೆಲಸ ಮೇಲಿನಿಂದಲೇ ಶುರುವಾಗಬೇಕು ಎನ್ನುತ್ತಾಳೆ. 'ಸ್ನಾನ ಮಾಡುವಾಗ ಕಾಲಿಂದ ಶುರು ಮಾಡ್ತೀರಾ? ತಲೆಯಿಂದ ತಾನೆ?' ಎಂದು ಕೇಳಿದಳು. ತಲೆ ಎಂದರೆ ನಿನ್ನ ಹೊಲ. ನೀನು ಒಪ್ಪದೆ ಏನೂ ನಡೆಯುವುದಿಲ್ಲ.

ಇನ್ನೊಂದು ಮಾತು. ಜಲ್ಲಿ ಮಾಡಿ ಮಾರುವ ಕಲ್ಲಿನ ವ್ಯಾಪಾರಿ ನಿನ್ನ ಹೊಲವನ್ನು ಅಳೆದು ನೋಡಿಕೊಂಡು ಹೋದ. ನೀನು ಅವನಿಗೆ ಮಾರುತ್ತೀಯಂತೆ. ನಿಜವಾ? ಅವನು ಅಲ್ಲಿ ಒಡೆಯಲು ಶುರು ಮಾಡಿದರೆ ಕೆಳಗೆ ನಾವು ಏನು ಮಾಡಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇಂತಿ,
ಸಮಿತಿಯ ಅಧ್ಯಕ್ಷೆ
(ನೀನು ಒಪ್ಪಿದರೆ, ನಿನ್ನ ತಂಗಿ)


ಮಾರ್ಚ್ ೩

ಮಾನ್ಯ ಅಧ್ಯಕ್ಷರಿಗೆ,

ಗುಂಡಿ ನನ್ನ ನೆಲದಲ್ಲಿ, ನೀರು ನಿಮ್ಮ ಬಾವಿಯಲ್ಲಿ. ಇದು ನಿಮ್ಮ ಯೋಜನೆ. ನೀರು ಇಳಿಜಾರಿಗೆ ಹೋಗುತ್ತದೆ ಎನ್ನುವುದನ್ನು ಹೇಳಲು ಪೈಪು ಹೊತ್ತು ಯಾರೂ ಬರಬೇಕಿರಲಿಲ್ಲ.

ವ್ಯಾಪಾರಿ ಬಂದದ್ದು ನಿಜ, ಇಲ್ಲಿಗೂ ಬಂದಿದ್ದ. ಮಣ್ಣು ಹೋಗಿ ಕಲ್ಲು ಮಾತ್ರ ಉಳಿದ ಹೊಲಕ್ಕೆ ಕಲ್ಲಿನ ವ್ಯಾಪಾರಿಯೇ ತಕ್ಕ ಗಿರಾಕಿ. ಸೆಪ್ಟೆಂಬರ್ ಕೊನೆಗೆ ಕಾಗದಪತ್ರ ತರುತ್ತಾನೆ. ಕೊಡುತ್ತೇನೋ ಇಲ್ಲವೋ ಆಗ ನೋಡೋಣ. ಅಲ್ಲಿಯವರೆಗೆ ನನ್ನ ಹೊಲದಲ್ಲಿ ಒಂದು ಗುದ್ದಲಿಯೂ ಬೀಳಕೂಡದು.

ಹೊರಡುವ ದಿನ ನಿನಗೆ ಒಂದು ಮಾತು ಅಂದಿದ್ದೆ, ನನ್ನ ಮಣ್ಣು ತಿಂದು ಕೊಬ್ಬಿದಿರಿ ಎಂದು. ಅದನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಮೇಲಿನ ಹೊಲದವಳು

ನಿನ್ನ ಮೊಣಕಾಲು ಹೇಗಿದೆ ಎಂದು ನಾನು ಕೇಳುತ್ತಿಲ್ಲ. ಆ ಕಾಲು ಇಟ್ಟುಕೊಂಡು ಗುಡ್ಡ ಹತ್ತಿ ಇಳಿಯುವ ಉಸಾಬರಿ ಯಾಕೆ ಬೇಕಿತ್ತು?


ಏಪ್ರಿಲ್ ೧೯

ಅಕ್ಕಾ,

ನೀನು ಕೇಳದಿದ್ದರೂ ಹೇಳುತ್ತೇನೆ, ಮೊಣಕಾಲು ಪರವಾಗಿಲ್ಲ. ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ಗೊಣಗುತ್ತದೆ, ಥೇಟ್ ನಿನ್ನ ಮೈದುನನ ಹಾಗೆ.

ನಿನ್ನ ಕಾಗದವನ್ನು ಸಭೆಯಲ್ಲಿ ಓದಲಿಲ್ಲ. ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಮೇಲಿನ ಹೊಲದ ಒಪ್ಪಿಗೆ ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿದೆ. ಕೂಡಲೇ ಒಬ್ಬರು, 'ಹಾಗಾದ್ರೆ ಮೇಲಿಂದು ಬಿಟ್ಹಾಕಿ. ಹಳ್ಳಕ್ಕೆ ಅಡ್ಡ ಒಂದು ಒಡ್ಡು ಕಟ್ಟೋಣ. ನೀರು ಅಂದ್ರೆ ಕಣ್ಣಿಗೆ ಕಾಣ್ಬೇಕು' ಎಂದರು. ಪೈಪಮ್ಮ ಎದ್ದು ನಿಂತು, 'ಮೇಲೆ ತಡೀದೆ ಕೆಳಗೆ ಕಟ್ಟಿದ್ರೆ ಅದು ತುಂಬೋದು ನೀರಿಂದಲ್ಲ, ಮಣ್ಣಿಂದ' ಎಂದಳು. ಮೊನ್ನೆ ಬಂದವಳ ಮಾತು ಯಾರು ಕೇಳುತ್ತಾರೆ? ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರ ಕೈ ಎದ್ದಿತು. ನನ್ನದೂ ಎದ್ದಿತು. ನೀರು ನಿಂತದ್ದನ್ನು ಒಮ್ಮೆಯಾದರೂ ನೋಡುವ ಆಸೆ ನನಗೂ ಇತ್ತು. ಒಡ್ಡು ಕಟ್ಟಿ ಮುಗಿಯುತ್ತಾ ಬಂದಿದೆ.

ಗುಂಡಿ ನನ್ನ ನೆಲದಲ್ಲಿ, ನೀರು ನಿಮ್ಮ ಬಾವಿಯಲ್ಲಿ ಎಂದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹುಡುಕುತ್ತಿದ್ದೇನೆ.

ಹುಡುಕುವುದು ಎಂದಾಗ ನೆನಪಾಯಿತು. ಇವರು ದಿನಾ ಸಂಜೆ ಹಾರೆ ಹಿಡಿದು ಗುಡ್ಡದ ಕಡೆ ಹೋಗುತ್ತಾರೆ. ಎಲ್ಲಿಗೆ ಎಂದರೆ, 'ಮೇಕೆ ತಪ್ಪಿಸ್ಕೊಂಡಿದೆ, ಹುಡುಕ್ಕೊಂಡ್ ಬರ್ತೀನಿ' ಅನ್ನುತ್ತಾರೆ. ನಮ್ಮ ಹತ್ತಿರ ಮೇಕೆ ಇಲ್ಲ ಅಕ್ಕಾ. ಯಾವತ್ತೂ ಇರಲಿಲ್ಲ. ಭಾವ ತೀರಿಕೊಂಡ ಮೇಲೆ ಆ ಕಡೆ ಕತ್ತೆತ್ತಿಯೂ ನೋಡದ ಮನುಷ್ಯ. ಹೆಚ್ಚು ಕೇಳಿದರೆ ನಾಳೆ ನಿಜವಾಗಿಯೂ ಒಂದು ಮೇಕೆ ಕೊಂಡು ತಂದುಬಿಡುತ್ತಾರೆ ಎಂದು ಸುಮ್ಮನಿದ್ದೇನೆ.

ನೀನು ಅಲ್ಲಿ ಏನು ಕೆಲಸ ಮಾಡುತ್ತೀಯೆ, ಎಲ್ಲಿ ಮಲಗುತ್ತೀಯೆ, ಒಂದೂ ಗೊತ್ತಿಲ್ಲ. ಬರೆಯಬೇಕೆನಿಸಿದರೆ ಬರೆ.

ನಿನ್ನ ತಂಗಿ


ಮೇ ೭

ತಂಗೀ,

ಕೇಳಿದ್ದೀಯೆ, ಹೇಳುತ್ತೇನೆ. ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ಕಿಟಕಿಯಿಲ್ಲ, ಹಬೆ ಮಾತ್ರ ಇದೆ. ಹಾಸಿಗೆಯ ಹೊದಿಕೆಗಳು ಒದ್ದೆಯಾಗಿ ಈ ಕಡೆ ಬಿಸಿ ಉರುಳೆಗೆ ಹೋಗಿ ಆ ಕಡೆ ಗರಿಗರಿಯಾಗಿ ಬರುತ್ತವೆ. ಮಡಚಲು ಇಬ್ಬರು ಬೇಕು. ಒಂದು ತುದಿ ನಾನು, ಇನ್ನೊಂದು ತುದಿ ನನ್ನ ಜೊತೆಗಾರ್ತಿ. ಹತ್ತಿರ ಬಂದು ತುದಿ ಸೇರಿಸುತ್ತೇವೆ, ದೂರ ಹೋಗುತ್ತೇವೆ, ಮತ್ತೆ ಹತ್ತಿರ ಬರುತ್ತೇವೆ. ನೀನು ಪೈಪಿನ ತುದಿ ಹಿಡಿದು ನಿಂತ ವಿಷಯ ಓದಿದಾಗ ನಾವಿಬ್ಬರೂ ಬಾವಿಯ ಹತ್ತಿರ ಕಂಬಳಿ ಹಿಂಡುತ್ತಿದ್ದದ್ದು ನೆನಪಾಯಿತು. ನಾನು ಯಾವ ಕಡೆ ತಿರುಗಿಸಿದರೂ ನೀನೂ ಅದೇ ಕಡೆ ತಿರುಗಿಸುತ್ತಿದ್ದೆ. ಕಂಬಳಿ ಸುಮ್ಮನೆ ಸುತ್ತುತ್ತಲೇ ಇರುತ್ತಿತ್ತು, ಒಂದು ಹನಿ ನೀರು ಬೀಳುತ್ತಿರಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಇಲ್ಲಿ ಒಂದೊಂದು ಸುತ್ತು ಮುಗಿದಾಗಲೂ ಯಂತ್ರ ಗುಡುಗಿ, ಅಷ್ಟೂ ನೀರು ಮೋರಿಗೆ ಬೀಳುತ್ತದೆ. ಮೊದಮೊದಲು ಆ ಸದ್ದಿಗೆ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಜೊತೆಗಾರ್ತಿ, 'ಯಾರೋ ಹೋದ್ರು ಅನ್ನೋ ಹಾಗೆ ನಿಂತ್ಬಿಡ್ತೀಯಲ್ಲ' ಎಂದು ರೇಗಿಸುತ್ತಿದ್ದಳು. ಮಲಗುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಳಗಾಗುತ್ತಲೇ ಕೆಳಗೆ ಗಾಳಿ ಹೊಡೆಯುವ ಸದ್ದು. ಕೋಣೆ ಒಣಗಿದೆ, ಬೆಚ್ಚಗಿದೆ, ನನ್ನೊಬ್ಬಳಿಗೆ ಸಾಕು.

ಪಾಲಿನ ಸಿಟ್ಟಿನಿಂದ ಊರು ಬಿಟ್ಟಳು ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ಹಾಗಲ್ಲ. ನಿನ್ನ ಭಾವ ಹೋದ ಮೇಲೆ ಮಳೆ ಬಂದಾಗಲೆಲ್ಲ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಕೆಂಪು ಮಣ್ಣು ಕಾಲುವೆ ಕಟ್ಟಿಕೊಂಡು ಮನೆಯ ಮುಂದೆಯೇ ಹಾದು ನಿಮ್ಮ ಕಡೆ ಹೋಗುತ್ತಿತ್ತು. ಪ್ರತಿ ಮಳೆಗೂ ನನ್ನ ಹೊಲ ಎದ್ದು ನಿಮ್ಮ ಮನೆಗೆ ಹೋಗುತ್ತಿತ್ತು, ನಾನು ಮಾತ್ರ ಹೋಗುವಂತಿರಲಿಲ್ಲ. ಅದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ.

ಅವನು ಗುಡ್ಡದ ಕಡೆ ಹೋದರೆ ಹೋಗಲಿ, ಕೇಳಬೇಡ. ಅಲ್ಲಿದ್ದದ್ದು ನನ್ನ ಗಂಡ ಮಾತ್ರ ಅಲ್ಲ, ಅವನ ಅಣ್ಣನೂ.

ಅಕ್ಕ


ಜೂನ್ ೨೧

ಅಕ್ಕಾ,

ತುಂಬಿತು! ನಿನ್ನೆ ಮಧ್ಯಾಹ್ನ ಶುರುವಾದ ಮಳೆ ಸಂಜೆಗೆ ನಿಂತಿತು. ನೋಡಿದರೆ ಒಡ್ಡು ಅಂಚಿನವರೆಗೆ ತುಂಬಿ ತುಳುಕುತ್ತಿದೆ. ಇಡೀ ಊರು ದಂಡೆಯ ಮೇಲೆ. ಜನ್ಮದಲ್ಲಿ ನಗದ ಕಮ್ಮಾರಜ್ಜನೂ ಹಲ್ಲು ಬಿಟ್ಟಿದ್ದ, ಇರುವುದು ಎರಡೇ ಆದರೂ. ನಾನು ಅಧ್ಯಕ್ಷೆ ಎನ್ನುವುದನ್ನು ಮರೆತು ಚಿಕ್ಕ ಹುಡುಗಿಯ ಹಾಗೆ ಕೂಗಿಬಿಟ್ಟೆ.

ಪೈಪಮ್ಮ ಮಾತ್ರ ನಗಲಿಲ್ಲ. ಇವರೂ ನಗಲಿಲ್ಲ. 'ಕೆಂಪಗಿದೆ' ಎಂದಷ್ಟೇ ಹೇಳಿ ಮನೆಗೆ ಬಂದರು. ಇವರ ಮುಖ ಯಾವಾಗ ಅರಳಿತ್ತು ಹೇಳು.

ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಮೊದಲು ಹೇಳಬೇಕೆನಿಸಿತು.

ತಂಗಿ


ಜುಲೈ ೨

ಅಕ್ಕಾ,

ಹಿಂದಿನ ಕಾಗದ ಹರಿದುಹಾಕು. ತುಂಬಿದ್ದು ನೀರಲ್ಲ.

ಬಿಸಿಲು ಬಂದ ಹಾಗೆ ಮೇಲಿನ ನೀರು ಆರಿತು. ಕೆಳಗೆ ಇದ್ದದ್ದು ಅಷ್ಟೂ ಹೂಳು. ನಾವು ಇಷ್ಟು ದಿನ ಬೆವರು ಹರಿಸಿ ಕಟ್ಟಿದ ಒಡ್ಡು ಒಂದೇ ಮಳೆಗೆ ಕಂಠಮಟ್ಟ ಮಣ್ಣಾಗಿ ಕೂತಿದೆ. ಕಮ್ಮಾರಜ್ಜ ಚಪ್ಪಲಿ ಹಾಕಿಕೊಂಡೇ ಈ ದಡದಿಂದ ಆ ದಡಕ್ಕೆ ನಡೆದು ತೋರಿಸಿದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಾನು ಹೇಳಿರಲಿಲ್ಲವಾ ಎಂದು ಪೈಪಮ್ಮ ಅನ್ನಬಹುದಿತ್ತು. ಅನ್ನಲಿಲ್ಲ, ನನ್ನ ಪಕ್ಕದಲ್ಲಿ ಬಂದು ಕೂತಳು. ಆ ಹುಡುಗಿಯ ಮೇಲೆ ನನಗೆ ಪ್ರೀತಿ ಬಂದದ್ದು ಆಗಲೇ.

ಅದು ಯಾರ ಮಣ್ಣು ಎಂದು ಕೇಳಬೇಕಾಗಿಯೇ ಇಲ್ಲ. ಊರಿನಲ್ಲಿ ಎಲ್ಲರದ್ದೂ ಕಪ್ಪು ನೆಲ. ಬಿಳಿ ಹರಳು ಬೆರೆತ ಕೆಂಪು ಮಣ್ಣು ಇರುವುದು ಒಂದೇ ಕಡೆ. ನಾನು ಒಂದು ಹಿಡಿ ತೆಗೆದುಕೊಂಡು ನೋಡಿದೆ. ನಿನ್ನ ಅಂಗಳ ಗುಡಿಸುವಾಗ ಕೈಗೆ ಹತ್ತುತ್ತಿದ್ದದ್ದು ಇದೇ.

ಇನ್ನು ಮುಂದಿನದ್ದನ್ನು ಕೂತು ಓದು. ಹೂಳಿನ ನಡುವೆ ಒಂದು ಕಲ್ಲು ತಲೆ ಎತ್ತಿಕೊಂಡು ಕೂತಿತ್ತು. ಮೇಲೆ ಅಡ್ಡಲಾಗಿ ಎರಡು ಗೀರು ಕೊರೆದದ್ದು. ಎಲ್ಲೆಕಲ್ಲು, ಅಕ್ಕಾ. ನಮ್ಮ ಎರಡು ಹೊಲದ ನಡುವೆ ಮಾವನವರು ನೆಟ್ಟದ್ದು. ನೀನು ಸರಿಸಿದೆ, ನೀನೇ ಸರಿಸಿದೆ ಎಂದು ಅಣ್ಣತಮ್ಮ ಮಾತು ಬಿಟ್ಟರಲ್ಲ, ಅದೇ ಕಲ್ಲು. ಪೈಪಮ್ಮ ನಮ್ಮನ್ನು ಅದು ಇದ್ದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ನೀರು ಅದರ ಬುಡವನ್ನು ಕೊರೆಯುತ್ತ ಕೊರೆಯುತ್ತ, ಒಂದೊಂದು ಮಳೆಗೂ ಚೂರುಚೂರೇ ಕೆಳಕ್ಕೆ ನಡೆಸಿದೆ. ಈ ಸಲ ಪೂರ್ತಿ ಕಿತ್ತುಕೊಂಡು ಬಂದಿದೆ.

ಇವರು ಆ ಕಲ್ಲಿನ ಪಕ್ಕ ಹೂಳಿನಲ್ಲೇ ಕುಸಿದು ಕೂತರು. 'ನಾನು ಸರಿಸಿರ್ಲಿಲ್ಲ ಕಣೇ' ಎಂದರು. ಗೊತ್ತು ಎಂದೆ. ಆಮೇಲೆ ಗೀರಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, 'ಅಣ್ಣನೂ ಸರಿಸಿರ್ಲಿಲ್ಲ' ಎಂದರು.

ತಂಗಿ


ಜುಲೈ ೧೬

ತಂಗೀ,

ನಿನ್ನ ಕಾಗದವನ್ನು ಉರುಳೆಯ ಪಕ್ಕ ನಿಂತೇ ಓದಿದೆ. ಜೊತೆಗಾರ್ತಿ ಹೊದಿಕೆಯ ತುದಿ ಹಿಡಿದುಕೊಂಡು ಕಾಯುತ್ತಿದ್ದಳು. 'ಯಾಕೆ ಅಳ್ತಿದ್ದೀಯಾ, ಯಾರಿಗೇನಾಯ್ತು?' ಎಂದಳು. 'ಏನಿಲ್ಲ, ಒಂದು ಕಲ್ಲು ಸಿಕ್ತು' ಎಂದೆ. ನನ್ನ ತಲೆ ಕೆಟ್ಟಿದೆ ಅಂದುಕೊಂಡಿರುತ್ತಾಳೆ.

ಅವರೂ ಹಾಗೆಯೇ ಹೇಳುತ್ತಿದ್ದರು, ನಾನು ಸರಿಸಿಲ್ಲ ಎಂದು. ನಾನು ನಂಬಿದ್ದೆ. ನೀನು ನಿನ್ನ ಗಂಡನನ್ನು ನಂಬಿದ್ದೆ. ಒಬ್ಬರು ನಿಜ ಹೇಳಿದರೆ ಇನ್ನೊಬ್ಬರು ಸುಳ್ಳು ಹೇಳಿರಲೇಬೇಕು ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು. ಇಬ್ಬರೂ ನಿಜ ಹೇಳುತ್ತಿರಬಹುದು ಎನ್ನುವುದು ನಮಗೆ ಹೊಳೆಯಲೇ ಇಲ್ಲ. ಅವರು ಇದ್ದಿದ್ದರೆ ಆ ಕಲ್ಲಿನ ಎದುರು ನಿಂತು ಎಷ್ಟು ನಗುತ್ತಿದ್ದರು. ಅಳುತ್ತಲೂ ಇದ್ದರೇನೋ.

ಅದನ್ನು ಮತ್ತೆ ಎಲ್ಲೆಗೆ ನೆಡುವುದು ಬೇಡ. ಒಳ್ಳೆಯ ಅಗಲವಾದ ಕಲ್ಲು, ಬಟ್ಟೆ ಒಗೆಯಲು ಇಟ್ಟುಕೊಳ್ಳಿ. ಇಷ್ಟು ವರ್ಷ ಕೂತು ತಿಂದಿದೆ, ಇನ್ನು ದುಡಿಯಲಿ.

ಆದರೆ ಮಣ್ಣಿನ ಮಾತು ಬೇರೆ. ಮಣ್ಣು ನಿಮ್ಮ ಒಡ್ಡಿನಲ್ಲಿದೆ, ಹೊಲ ಗುಡ್ಡದ ಮೇಲೆ ಬೋಳಾಗಿದೆ. ವ್ಯಾಪಾರಿ ಮತ್ತೆ ಹೇಳಿ ಕಳಿಸಿದ್ದಾನೆ. ನೀನೇ ಹೇಳು, ಅಲ್ಲಿ ನಾನು ಉಳಿಸಿಕೊಳ್ಳುವುದು ಏನಿದೆ?

ಅಕ್ಕ


ಸೆಪ್ಟೆಂಬರ್ ೧೦

ಅಕ್ಕಾ,

ತಡವಾಯಿತು. ನಿನ್ನ ಪ್ರಶ್ನೆಗೆ ಬರೀ ಮಾತಿನ ಉತ್ತರ ಬರೆಯಬಾರದು ಎಂದು ಕಾದೆ.

ಮಳೆ ಬಿಡುವು ಕೊಟ್ಟಾಗ ಸಭೆ ಸೇರಿತು. ಒಡ್ಡಿನ ಹೂಳು ತೆಗೆಯಬೇಕು, ಆದರೆ ಯಾರಿಗೆ? ಹೂಳೆಂದರೆ ಗೊಬ್ಬರದಷ್ಟೇ ಬೆಲೆ, ಎಲ್ಲರಿಗೂ ಬೇಕು. 'ಹಳ್ಳಕ್ಕೆ ಬಿದ್ದದ್ದು ಊರಿಂದು, ಸಮಸಮ ಹಂಚ್ಕೊಳ್ಳೋಣ' ಎಂದರು. ನಾನು ಅಧ್ಯಕ್ಷೆ, ನಿನ್ನ ಕಡೆ ಮಾತಾಡಿದರೆ ಮನೆಯವಳ ಪಕ್ಷಪಾತ ಎನ್ನುತ್ತಾರೆ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇವರು ಎದ್ದರು. ಸಭೆಯಲ್ಲಿ ಇವರ ದನಿ ಕೇಳಿದ್ದು ಅದೇ ಮೊದಲು.

'ಅದು ನಮ್ಮತ್ತಿಗೆ ಮಣ್ಣು. ಬಣ್ಣ ನೋಡಿದ್ರೆ ಗೊತ್ತಾಗಲ್ವಾ? ಯಾರದೋ ಎತ್ತು ಹಗ್ಗ ಬಿಚ್ಕೊಂಡು ನಮ್ಮ ಹಿತ್ತಿಲಿಗೆ ಬಂದ್ರೆ ಹಂಚ್ಕೊಂಡ್ಬಿಡ್ತೀವಾ? ಹೊಡ್ಕೊಂಡು ಹೋಗಿ ಅವರ ಮನೇಲಿ ಕಟ್ಟಿ ಬರ್ತೀವಿ.'

ಆಮೇಲೆ ಕಮ್ಮಾರಜ್ಜ, 'ಅದು ಸರಿ ಕಣಪ್ಪ. ಅಲ್ಲಿ ಹಾಕಿದ್ರೆ ಮುಂದಿನ ಮಳೆಗೆ ಮತ್ತೆ ಇಲ್ಲಿಗೇ ಬರುತ್ತೆ. ತಡೆಯೋಕೆ ಅಲ್ಲೇನಿದೆ?' ಎಂದ.

ಇವರು ತಮ್ಮ ಚಪ್ಪಲಿ ನೋಡಿಕೊಂಡು, 'ಇದೆ' ಎಂದರು.

ನಾವೆಲ್ಲ ಗುಡ್ಡ ಹತ್ತಿದೆವು, ನನ್ನ ಮೊಣಕಾಲೂ ಸೇರಿದಂತೆ. ಅಕ್ಕಾ, ನಿನ್ನ ಹೊಲಕ್ಕೆ ಅಡ್ಡಲಾಗಿ, ಈ ಕೊನೆಯಿಂದ ಆ ಕೊನೆಯವರೆಗೆ, ಕಲ್ಲಿನ ಮೇಲೆ ಕಲ್ಲು ಕೂರಿಸಿದ ಬದು ಇದೆ. ಹೊಲದಲ್ಲಿ ಚೆಲ್ಲಿದ್ದ ಕಲ್ಲನ್ನೆಲ್ಲ ಹಾರೆಯಿಂದ ಮೀಟಿ ಮೀಟಿ, ಒಬ್ಬರೇ ಕಟ್ಟಿದ್ದಾರೆ. ಜೂನ್ ಮಳೆ ಬರುವಾಗ ಅರ್ಧವಾಗಿತ್ತಂತೆ. ಈಗ ಮುಗಿದಿದೆ. ಇಷ್ಟು ದಿನ ಮೇಕೆ ಹುಡುಕಿದ್ದು ಇದು.

ನೀನು ಬೇಡ ಎಂದಿದ್ದೆ. ನಾನು ಇವರನ್ನು ಗದರಿಸಿದೆ. 'ಅತ್ತಿಗೆ ಗುದ್ದಲಿ ಬೀಳಬಾರದು ಅಂತ ಬರೆದಿದ್ರು. ನಾನು ತಗೊಂಡು ಹೋಗಿದ್ದು ಹಾರೆ' ಎಂದರು. ಕಪಾಟಿನ ಕಾಗದವನ್ನು ಯಾವಾಗ ಓದಿದರೋ.

ನಿನ್ನ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿದೆ. ಗುಂಡಿ ಯಾರ ನೆಲದಲ್ಲೋ ಕೆಳಗಿನ ಬಾವಿಯಲ್ಲಿ ಅವರಿಗೂ ಪಾಲು ಎಂದು ಸಮಿತಿಯಲ್ಲಿ ಗೊತ್ತುಮಾಡಿದೆವು. ಬಾವಿಯಿರುವವರು ಗುರುಗುಟ್ಟಿದರು. ಮೊದಲ ಬಾವಿ ನಮ್ಮದೇ ಬರೆದುಕೊಳ್ಳಿ ಎಂದ ಮೇಲೆ ಬಾಯಿ ಮುಚ್ಚಿದರು. ನಮ್ಮ ಬಾವಿಯ ಅರ್ಧ ನೀರು ನಿನ್ನದು, ಮೇಲಕ್ಕೆ ಹತ್ತಿಸುವ ಜವಾಬ್ದಾರಿ ಸಮಿತಿಯದ್ದು.

ಒಪ್ಪಿಗೆಯ ಕಾಗದ ಇದರ ಜೊತೆಗಿದೆ. ಆದರೆ ಅಕ್ಕಾ, ನಿಜ ಹೇಳುತ್ತೇನೆ. ನನಗೆ ಬೇಕಾದದ್ದು ನಿನ್ನ ಸಹಿ ಅಲ್ಲ. ನೀನು ಬೇಕು. ಈ ನಾಲ್ಕು ವರ್ಷದಲ್ಲಿ ನನ್ನ ಜೊತೆ ಕಂಬಳಿ ಹಿಂಡುವವರು ಯಾರೂ ಇಲ್ಲ.

ತಂಗಿ


ಸೆಪ್ಟೆಂಬರ್ ೨೨

ತಂಗೀ,

ಬೇಡ ಎಂದ ಮೇಲೂ ನನ್ನ ಹೊಲಕ್ಕೆ ಕಾಲಿಟ್ಟದ್ದಕ್ಕೆ ಅವನನ್ನು ಒಂದು ಪುಟ ಬೈದು ಬರೆದೆ. ಓದಿ ನೋಡಿದರೆ ಬೈಗುಳದ ಹಾಗೆ ಕಾಣಲಿಲ್ಲ. ಹರಿದುಹಾಕಿದೆ.

ಆದರೆ ಅವನು ಕಟ್ಟಿದ ಬದು ಮಟ್ಟವಾಗಿದೆಯಾ? ಅವನು ನೇಗಿಲು ಹಿಡಿದರೆ ಸಾಲು ಹಾವು ಹರಿದ ಹಾಗಿರುತ್ತಿತ್ತು. ಕೇಳಿದರೆ ಕುಣಿಯಲಾರದವನ ಹಾಗೆ ನೆಲವೇ ಡೊಂಕು ಅನ್ನುತ್ತಿದ್ದ. ಬದು ಒಂದು ಕಡೆ ತಗ್ಗಿದ್ದರೂ ನೀರೆಲ್ಲ ಅಲ್ಲೇ ಸೇರಿ ಒಡೆಯುತ್ತದೆ, ಮಣ್ಣು ಮತ್ತೆ ನಿಮ್ಮ ಒಡ್ಡಿಗೆ. ಪೈಪು ಹಿಡಿದು ನೋಡದೆ ಒಂದು ಬುಟ್ಟಿ ಮಣ್ಣನ್ನೂ ಹರಡಬೇಡಿ.

ನಿನ್ನೆ ವ್ಯಾಪಾರಿ ಕಾಗದಪತ್ರ ಹಿಡಿದು ಬಂದಿದ್ದ. 'ನನ್ನ ಹೊಲ ಊರಲ್ಲಿಲ್ಲಪ್ಪ. ಕೆಳಗೆ ಹೋಗಿತ್ತು, ಈಗ ವಾಪಸು ಬರ್ತಾ ಇದೆ. ದಾರಿಯಲ್ಲಿರೋದನ್ನ ಹೇಗೆ ಮಾರ್ಲಿ?' ಎಂದೆ. ಅವನು ಕಾಗದಪತ್ರ ಮಡಚಿಕೊಂಡು ಹೊರಟುಹೋದ. ಸಹಿ ಮಾಡಿದ ಒಪ್ಪಿಗೆ ಇದರೊಳಗಿದೆ.

ಬರುವ ಮಾತು ಮಾತ್ರ ಕೇಳಬೇಡ. ಅಲ್ಲಿ ನನ್ನ ಮನೆಯ ಬಾಗಿಲು ತೆಗೆದರೆ ಎದುರಿಗೇ ಹೊಲದ ನಡುವಿನ ಆ ಮರ, ಮರದ ಬುಡದಲ್ಲಿ ಅವರು ಕೂರುತ್ತಿದ್ದ ಜಾಗ. ಇಲ್ಲಿ ಕಿಟಕಿ ತೆಗೆದರೆ ಬರೀ ಗೋಡೆ. ನನಗೆ ಗೋಡೆಯೇ ಅಭ್ಯಾಸವಾಗಿದೆ.

ಅಕ್ಕ


ಅಕ್ಟೋಬರ್ ೧

ಅತ್ತಿಗೇ,

(ಅಕ್ಕಾ, ಇವರು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಬಾಗಿಲಲ್ಲೇ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ.)

ನೀವು ಬರೆದ ಹಾಗೆ ಪೈಪ್ ಹಿಡಿದು ನೋಡಿದ್ವಿ. ಎರಡು ಕೊನೆ ಸರಿಯಾಗಿದೆ. ನಡುವೆ ಒಂದು ಕಡೆ ಗೇಣಷ್ಟು ತಗ್ಗು. ಆ ಮರದ ಹತ್ರ. ಅಣ್ಣ ಕೂತ್ಕೊಳ್ತಿದ್ದ ಜಾಗ. ಬೇರೆ ಕಡೆ ಎಲ್ಲ ನಿಧಾನವಾಗಿ ಕಟ್ಟಿದೆ. ಅಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲೋಕೆ ಆಗ್ಲಿಲ್ಲ ಅತ್ತಿಗೆ. ಬೇಗ ಬೇಗ ಮುಗಿಸ್ಬಿಟ್ಟೆ.

ನೀರು ಬಂದ್ರೆ ಅಲ್ಲೇ ಒಡೆಯುತ್ತೆ, ಇವತ್ತೇ ಎತ್ತರ ಮಾಡೋಣ ಅಂದ್ಲು ಪೈಪಮ್ಮ. ನಾನು ಬೇಡ ಅಂದೆ. ಅತ್ತಿಗೆ ಬಂದು ನೋಡಿ, ಬೈದು, ಆಮೇಲೆ ಸರಿ ಮಾಡ್ತೀನಿ ಅಂದೆ.

(ಹೀಗೆಲ್ಲ ಬರೆಸಬೇಡಿ, ಅಕ್ಕನಿಗೆ ಕಷ್ಟವಾಗುತ್ತದೆ ಎಂದೆ. 'ನೀನು ಬರಿ' ಅಂದರು.)

ಮಣ್ಣು ಮೇಲೆ ಬಂದಿದೆ. ಊರಿನವರೆಲ್ಲ ಹೊತ್ರು. ರಾಶಿ ಹಾಕಿದೀವಿ, ಹರಡಿಲ್ಲ. ಇನ್ನೊಂದು ಸುತ್ತು ಮಳೆ ಬಾಕಿ ಇದೆ. ಸಂಜೆಯಾದ್ರೆ ಮೋಡ ಗುಡ್ಡದ ಹಿಂದೆ ಬಂದು ಇಣುಕಿ ನೋಡ್ಕೊಂಡು ಹೋಗ್ತಿದೆ. ಮಳೆ ನನ್ನಷ್ಟು ಕಾಯಲ್ಲ.

ಕಲ್ಲನ್ನ ಬಾವಿ ಹತ್ರ ಹಾಕಿದೀನಿ. ಸುತ್ತ ಇಬ್ಬರು ನಿಲ್ಲೋ ಅಷ್ಟು ಜಾಗ ಬಿಟ್ಟಿದೀನಿ.

ಅಣ್ಣನಿಗೆ ಹೇಳೋ ಮಾತು ಒಂದಿತ್ತು. ಹೇಳೋಕಾಗ್ಲಿಲ್ಲ. ನಿಮಗೆ ಹೇಳ್ತೀನಿ. ಕಾಗದದಲ್ಲಿ ಬೇಡ, ಆ ಮರದ ಹತ್ರ.

(ಇಷ್ಟು ಹೇಳಿ ಹೊರಟುಹೋದರು. ಸಹಿ ಮಾಡಿ ಎಂದು ಕೂಗಿದೆ. ನೀನೇ ಮಾಡು ಅಂದರು. ಆದ್ದರಿಂದ,)

ನಿಮ್ಮ ಮೈದುನ


ಅಕ್ಟೋಬರ್ ೬

ತಂಗೀ,

ಕೆಲಸ ಬಿಟ್ಟೆ. ಜೊತೆಗಾರ್ತಿಗೆ ಬೇಸರವಾಯಿತು, ನನಗೂ ಆಯಿತು. 'ಇನ್ನು ಮೇಲೆ ಈ ತುದಿ ಯಾರು ಹಿಡೀತಾರೆ?' ಎಂದಳು. ಒಳ್ಳೆಯವಳು, ಯಾರಾದರೂ ಸಿಗುತ್ತಾರೆ. ಕೋಣೆಯ ಬೀಗದ ಕೈಯನ್ನು ಸೈಕಲ್ ಅಂಗಡಿಯವನಿಗೆ ಕೊಟ್ಟಾಯಿತು. ಒಂದು ಚೀಲ, ಒಂದು ಕಂಬಳಿ, ಅಷ್ಟೇ ನನ್ನ ಸಂಸಾರ. ಕಂಬಳಿ ಕೊಳೆಯಾಗಿದೆ, ಬೇಕೆಂದೇ ಒಗೆದಿಲ್ಲ.

ನನ್ನ ಮನೆ ಗುಡಿಸಿಡಲು ಹೋಗಬೇಡ. ಒಳಗಿರುವ ಧೂಳಾದರೂ ನನ್ನದೇ ಮಣ್ಣು, ಅದನ್ನೂ ಹೊರಗೆ ಹಾಕಬೇಡ. ಬಾವಿಯ ಪಾಲು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ತೆಗೆದುಕೊಳ್ಳುತ್ತೇನೆ. ಆವತ್ತು ಆಡಿದ ಮಾತನ್ನು ಮಾತ್ರ ಈಗ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಮರದ ಹತ್ತಿರದ ಆ ತಗ್ಗನ್ನು ನಾನು ಬರುವವರೆಗೆ ಯಾರೂ ಮುಟ್ಟಬಾರದು. ಪೈಪಿನ ಒಂದು ತುದಿ ನನಗೆ, ಒಂದು ನಿನಗೆ. ಪೈಪಮ್ಮ ಕೂತು ನೋಡಲಿ. ಅವನು ಕಲ್ಲು ಎತ್ತಲಿ, ಮಾತಿದ್ದರೆ ಹೇಳಲಿ, ಇಲ್ಲದಿದ್ದರೆ ಸುಮ್ಮನೆ ಎತ್ತಲಿ. ಮಳೆಗಿಂತ ಮುಂಚೆ ಮುಗಿಸೋಣ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನೀನು ಆ ಕಾಲಿನಲ್ಲಿ ಬಸ್ ನಿಲ್ದಾಣದವರೆಗೆ ಬರಬೇಡ, ಅವನು ಬರಲಿ. ಅವನಿಗೆ ಸಂಕೋಚ ಜಾಸ್ತಿ. ಅಲ್ಲಿ ನಿಂತದ್ದು ನೋಡಿ ಯಾರಾದರೂ ಏನು ಎತ್ತ ಎಂದು ಕೇಳಿದರೆ, ಮೇಕೆ ಹುಡುಕುತ್ತಿದ್ದೇನೆ ಎನ್ನಲಿ.

ಅಕ್ಕ